ದಿನಾ ಸಂಜೆ ಐದೂವರೆಗೆ 16 ಮಕ್ಕಳು

ಇಂಗ್ಲೆಂಡಿನ ಕೆಥೆಡ್ರಲ್‌ಗಳಲ್ಲಿ (ಬಿಷಪ್ಪರ ಪೀಠವಿರುವ ದೊಡ್ಡ ಚರ್ಚುಗಳಲ್ಲಿ) ಹಾಡುವ ಮಕ್ಕಳ ಕ್ವಾಯರ್‌ಗಳು, ಅಂದರೆ ಗಾಯಕವೃಂದಗಳು, ಮತ್ತು ಆ ಮಕ್ಕಳಿಗಾಗಿ ಇರುವ ಕ್ವಾಯರ್ ಶಾಲೆಗಳು ಕಷ್ಟದಲ್ಲಿವೆ ಎಂಬ ಸುದ್ದಿ ಓದಿ ಹಲವರು ಬರೆದಿದ್ದೀರಿ. ಆ ಪತ್ರಗಳನ್ನೆಲ್ಲ ಈ ಸಲ ಒಂದೇ ಕಡೆ ಇಟ್ಟಿದ್ದೇವೆ. ಜಾಗದ ಸಲುವಾಗಿ ಪ್ರಶ್ನೆಗಳನ್ನು ಚುಟುಕು ಮಾಡಿದ್ದೇವೆ, ಉತ್ತರಗಳನ್ನಲ್ಲ.

ಪ್ರಶ್ನೆ: ನಮ್ಮ ಚರ್ಚಿನಲ್ಲೂ ಕ್ವಾಯರ್ ಇದೆ. ಶನಿವಾರ ಒಂದು ಗಂಟೆ ಅಭ್ಯಾಸ, ಭಾನುವಾರ ನಾಲ್ಕು ಹಾಡು. ಎಷ್ಟೋ ವರ್ಷದಿಂದ ಆರಾಮಾಗಿ ನಡೆದಿದೆ. ಅಷ್ಟು ದೊಡ್ಡ ಕೆಥೆಡ್ರಲ್‌ಗಳಿಗೆ ಒಂದು ಕ್ವಾಯರ್ ನಡೆಸುವುದು ಯಾಕೆ ಕಷ್ಟ? (ಮೈಸೂರು)

ಹಬ್ಬಕ್ಕೆ ಒಂದು ದಿನ ಊಟ ಹಾಕುವುದಕ್ಕೂ ದಿನಾ ಮೆಸ್ ನಡೆಸುವುದಕ್ಕೂ ಎಷ್ಟು ವ್ಯತ್ಯಾಸವೋ ಇಲ್ಲೂ ಅಷ್ಟೇ. ಕೆಥೆಡ್ರಲ್ ಕ್ವಾಯರ್ ವಾರಕ್ಕೆ ಐದಾರು ದಿನ ಹಾಡುತ್ತದೆ. ಸಂಜೆಯ ಆರಾಧನೆಗೆ ಈವನ್‌ಸಾಂಗ್ ಎಂದು ಹೆಸರು. 1549ರಲ್ಲಿ ಆರ್ಚ್‌ಬಿಷಪ್ ಥಾಮಸ್ ಕ್ರಾನ್ಮರ್ ಇಂಗ್ಲಿಷ್ ಪ್ರಾರ್ಥನಾ ಪುಸ್ತಕ ಸಿದ್ಧಪಡಿಸಿದಾಗ, ಅದುವರೆಗೆ ಲ್ಯಾಟಿನ್ನಿನಲ್ಲಿ ಬೇರೆಬೇರೆಯಾಗಿ ನಡೆಯುತ್ತಿದ್ದ ಸಂಜೆಯ ಮತ್ತು ರಾತ್ರಿಯ ಪ್ರಾರ್ಥನೆಗಳನ್ನು ಸೇರಿಸಿ ಒಂದು ಮಾಡಿದ. ಮುಕ್ಕಾಲು ಗಂಟೆಯ ಆರಾಧನೆ. ಅದರಲ್ಲಿ ಪಾದ್ರಿಗೂ ಕ್ವಾಯರ್‌ಗೂ ನಡುವೆ ಕೇಳಿಕೆ–ಮಾರುತ್ತರದ ಸಾಲುಗಳು, ಆ ದಿನದ ಕೀರ್ತನೆಗಳು (ಬೈಬಲ್ಲಿನ ಸಾಮ್‌ಗಳು), ಬೈಬಲ್ಲಿನದೇ ಆದ ಮರಿಯಳ ಸ್ತುತಿ, ಸಿಮೆಯೋನನ ಹಾಡು, ಕೊನೆಗೆ ಆಂಥಮ್ ಎನ್ನುವ ಒಂದು ದೊಡ್ಡ ಹಾಡು ಇರುತ್ತವೆ. ಓದುವ ಎರಡು ಪಾಠ, ಕೆಲವು ಪ್ರಾರ್ಥನೆ ಬಿಟ್ಟರೆ ಉಳಿದದ್ದೆಲ್ಲ ಗಾಯನವೇ.

ಹಳೆಯ ಕ್ರಮದಲ್ಲಿ 150 ಕೀರ್ತನೆಗಳನ್ನು ತಿಂಗಳ 30 ದಿನಗಳಿಗೆ, ಬೆಳಿಗ್ಗೆ–ಸಂಜೆ ಎಂದು ಹಂಚಿದ್ದಾರೆ. ಹಂಚಿಕೆ ಸಮವಾಗಿಲ್ಲ. ಪ್ರತಿ ತಿಂಗಳ 15ನೇ ತಾರೀಕಿನ ಸಂಜೆಗೆ ಬರುವುದು 78ನೇ ಕೀರ್ತನೆ, ಒಟ್ಟು 73 ವಚನ. ಮೊಟಕು ಮಾಡದೆ ಹಾಡುವ ಕಡೆ ಆ ಒಂದು ಕೀರ್ತನೆಗೇ ಕಾಲು ಗಂಟೆ ಹಿಡಿಯುತ್ತದೆ. ಗೊತ್ತಿಲ್ಲದೆ ಆವತ್ತು ಒಳಗೆ ಬಂದ ಪ್ರವಾಸಿಗರು ಗಡಿಯಾರ ನೋಡಿಕೊಳ್ಳುವುದು ಮಾಮೂಲು.

ಕೀರ್ತನೆ ಹಾಡುವ ಬಗೆಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಕಷ್ಟವೆಲ್ಲ ಅಲ್ಲೇ ಇದೆ. ಆಂಗ್ಲಿಕನ್ (ಚರ್ಚ್ ಆಫ್ ಇಂಗ್ಲೆಂಡ್ ಪಂಥದ) ಚಾಂಟ್ ಎಂಬ ಧಾಟಿಯಲ್ಲಿ ಒಂದು ವಚನಕ್ಕೆ 10 ಸ್ವರಮೇಳ ಮಾತ್ರ: ಮೊದಲರ್ಧಕ್ಕೆ 4, ಎರಡನೆಯ ಅರ್ಧಕ್ಕೆ 6. ವಚನಗಳ ಉದ್ದ ಮಾತ್ರ ಒಂದರಂತೆ ಇನ್ನೊಂದಿಲ್ಲ. ಒಂದರಲ್ಲಿ 8 ಅಕ್ಷರ ಇದ್ದರೆ ಮುಂದಿನದರಲ್ಲಿ 25. ಹೆಚ್ಚಾದ ಅಕ್ಷರಗಳನ್ನೆಲ್ಲ ಆಯಾ ಅರ್ಧದ ಮೊದಲ ಸ್ವರದ ಮೇಲೆ ಮಾತಾಡಿದ ಹಾಗೆ ಹಾಡಿ, ಗುರುತು ಹಾಕಿದ ಅಕ್ಷರಕ್ಕೆ ಬಂದಾಗ ಮುಂದಿನ ಸ್ವರಕ್ಕೆ ಹೊರಳಬೇಕು. ಇಲ್ಲಿ ತಾಳವಿಲ್ಲ. ಇಪ್ಪತ್ತಕ್ಕೂ ಹೆಚ್ಚು ಜನ ಒಂದೇ ಅಕ್ಷರದಲ್ಲಿ ಒಟ್ಟಿಗೆ ಹೊರಳಬೇಕು, ಒಬ್ಬರು ಮುಂದಾದರೂ ಮಾತು ಕಲಸಿಹೋಗುತ್ತದೆ. ಕೈಬೀಸಿ ಇದನ್ನು ಕಲಿಸಲು ಆಗುವುದಿಲ್ಲ. ದಿನಾ ಪಕ್ಕದಲ್ಲಿ ನಿಂತು ಉಸಿರಿಗೆ ಉಸಿರು ಸೇರಿಸಿದಾಗ ಮಾತ್ರ ಬರುತ್ತದೆ. ಅದಕ್ಕೇ ಶನಿವಾರದ ಒಂದು ಗಂಟೆ ಸಾಲದು.

ಜನ ಎಷ್ಟು ಬೇಕು? ಕ್ವಾಯರ್ ಎದುರುಬದುರಾಗಿ ಎರಡು ಪಾಳಿಯಲ್ಲಿ ನಿಲ್ಲುತ್ತದೆ. ಕೆಥೆಡ್ರಲ್‌ನ ಮುಖ್ಯ ಪಾದ್ರಿಯಾದ ಡೀನ್ ಕೂರುವ ಕಡೆ ಡೆಕಾನಿ, ಎದುರಿನದು ಕಾಂಟೋರಿಸ್. ವಚನಗಳನ್ನು ಈ ಪಾಳಿಯಿಂದ ಆ ಪಾಳಿಗೆ ಎಸೆದಾಡುತ್ತ ಹಾಡುತ್ತಾರೆ. ಒಂದೊಂದು ಪಾಳಿಗೆ 8 ಮಕ್ಕಳು. ಜೊತೆಗೆ ಮಕ್ಕಳ ದನಿಗಿಂತ ಕೆಳಗಿನ ಆಲ್ಟೊ, ಟೆನರ್, ಬಾಸ್ ಹಾಡುವ ದೊಡ್ಡವರು ಒಬ್ಬೊಬ್ಬರಾದರೂ. ಅಂದರೆ 16 ಮಕ್ಕಳು, 6 ದೊಡ್ಡವರು. ಇದಕ್ಕಿಂತ ಕಡಿಮೆಯಾದರೆ ಒಬ್ಬನಿಗೆ ನೆಗಡಿಯಾದರೂ ಆ ಸಂಜೆಯ ಹಾಡು ಬದಲಾಯಿಸಬೇಕಾಗುತ್ತದೆ. ಕೇಂಬ್ರಿಡ್ಜಿನ ಕಿಂಗ್ಸ್ ಕಾಲೇಜಿನಲ್ಲಿ 16 ಹುಡುಗರು, 14 ವಿದ್ಯಾರ್ಥಿ ಗಾಯಕರು. ಲಂಡನ್ನಿನ ಸೇಂಟ್ ಪಾಲ್ಸ್‌ನಲ್ಲಿ ಮಕ್ಕಳೇ 30ರ ಆಸುಪಾಸು.

ಮಕ್ಕಳ ದಿನಚರಿ ಸಾಮಾನ್ಯವಾಗಿ ಹೀಗೆ: ಬೆಳಿಗ್ಗೆ 7:50ಕ್ಕೆ ಮುಕ್ಕಾಲು ಗಂಟೆ ಅಭ್ಯಾಸ, ಆಮೇಲೆ ಶಾಲೆ, 4:30ಕ್ಕೆ ಮತ್ತೆ ಅಭ್ಯಾಸ, 5:30ಕ್ಕೆ ಈವನ್‌ಸಾಂಗ್. ಭಾನುವಾರ ಎರಡು ಆರಾಧನೆ. ಎಲ್ಲ ಕೂಡಿದರೆ ವಾರಕ್ಕೆ 16 ಗಂಟೆಗೆ ಕಡಿಮೆಯಿಲ್ಲ. ಇದರ ಮೇಲೆ ಪಿಯಾನೊ, ಇನ್ನೊಂದು ವಾದ್ಯ, ಹೋಮ್‌ವರ್ಕ್. ಇಷ್ಟೆಲ್ಲ ಹೊಂದಬೇಕಾದರೆ ಶಾಲೆ ಕೆಥೆಡ್ರಲ್‌ನ ಪಕ್ಕದಲ್ಲೇ ಇರಬೇಕು, ಅದರ ವೇಳಾಪಟ್ಟಿ ಕ್ವಾಯರ್‌ಗೆ ಬಗ್ಗಬೇಕು. ಕ್ವಾಯರ್ ಶಾಲೆ ಹುಟ್ಟಿದ್ದೇ ಇದಕ್ಕಾಗಿ. ಸಂಗೀತ ಕಲಿಸುವುದಕ್ಕಿಂತ ಸಮಯ ಹೊಂದಿಸುವುದೇ ಅದರ ದೊಡ್ಡ ಕೆಲಸ.

ಪ್ರಶ್ನೆ: ಹುಡುಗರ ಗಂಟಲು ಒಡೆಯುವುದೇ ಮೂಲ ತೊಂದರೆ ಎಂದು ಕೇಳಿದ್ದೇನೆ. ಈಗ ಬೇಗ ಒಡೆಯುತ್ತದೆ ಅನ್ನುವುದು ನಿಜವೆ? ಮುಂಚೆಯೇ ಗೊತ್ತಾಗುತ್ತದೆಯೆ? (ಧಾರವಾಡ)

ನಿಜ. ಜರ್ಮನ್ ಸಂಗೀತಕಾರ ಬಾಖ್ 1723ರಿಂದ 1750ರವರೆಗೆ ಲೈಪ್‌ಜಿಗ್‌ನ ಸೇಂಟ್ ಥಾಮಸ್ ಶಾಲೆಯಲ್ಲಿದ್ದ. ಆ ಶಾಲೆಯ ಕಡತಗಳನ್ನು ನೋಡಿದವರ ಲೆಕ್ಕದಲ್ಲಿ ಅಲ್ಲಿನ ಹುಡುಗರ ದನಿ ಬದಲಾಗುತ್ತಿದ್ದುದು 16–17ನೇ ವಯಸ್ಸಿನಲ್ಲಿ. ಈಗ 13ರ ಸುತ್ತ, ಹಲವರಿಗೆ ಇನ್ನೂ ಮೊದಲೇ. ಊಟ, ಆರೋಗ್ಯ ಸುಧಾರಿಸಿ ಮೈ ಬೇಗ ಬೆಳೆಯುತ್ತಿರುವುದೇ ಕಾರಣ, ಬೇಸರಪಡಬೇಕಾದದ್ದಲ್ಲ. ಆದರೆ ಬಾಖ್‌ನ ಕೈಯಲ್ಲಿ ಹಲವು ವರ್ಷ ಪಳಗಿದ, ಅರ್ಧ ದೊಡ್ಡವನಾದ ಹುಡುಗ ಸೊಪ್ರಾನೊ, ಅಂದರೆ ಎಲ್ಲಕ್ಕಿಂತ ಮೇಲಿನ ದನಿ, ಹಾಡುತ್ತಿದ್ದ. ಅದೇ ಹಾಡನ್ನು ಈಗ 12 ವರ್ಷದವನು ಹಾಡಬೇಕು.

ಲೆಕ್ಕ ಹಾಕಿ ನೋಡಿ. ಮಗು 8ಕ್ಕೆ ಸೇರುತ್ತದೆ. ಮೊದಲ ವರ್ಷ ಉಮೇದುವಾರಿಕೆ, ಹಿರಿಯರ ಪಕ್ಕ ನಿಂತು ಕೇಳಿ ಕಲಿಯುವುದು. ಗುರುಗಳ ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯನನ್ನು ಕಂಡ ನಿಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 9ರಿಂದ 13ರವರೆಗೆ ಪೂರ್ಣ ಗಾಯಕ. ನಾಲ್ಕು ವರ್ಷಕ್ಕೆ 16 ಮಕ್ಕಳೆಂದರೆ ವರ್ಷಕ್ಕೆ 4 ಹೊಸಬರು ಬರಲೇಬೇಕು. ಹಿರಿಯ ನಾಲ್ವರ ದನಿ ಆರು ತಿಂಗಳು ಮೊದಲೇ ಹೋಯಿತು ಅನ್ನಿ. ಪಟ್ಟಿಯಲ್ಲಿ ಕಡಿಮೆಯಾದದ್ದು ಕಾಲು ಭಾಗ, ಆದರೆ ಉಳಿದವರೆಲ್ಲ ಕಿವಿಗೊಟ್ಟು ಹಿಂಬಾಲಿಸುತ್ತಿದ್ದದ್ದು ಅವರನ್ನೇ. ಸಾಲು ಪೂರ್ತಿ ಅಳ್ಳಾಡುತ್ತದೆ.

ಸೇರ್ಪಡೆಯಲ್ಲಿ ತಪ್ಪಿದರೆ ಪೆಟ್ಟು ಕೂಡಲೇ ಕಾಣುವುದಿಲ್ಲ. 2020ರ ಮಾರ್ಚಿನಲ್ಲಿ ಕೋವಿಡ್‌ನಿಂದ ಹಾಡುವುದೇ ನಿಂತಿತು, ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳ ದನಿ ಕೇಳಿ ಆರಿಸುವ ಕೆಲಸವೂ ನಿಂತಿತು. ಆ ವರ್ಷ ಸೇರಬೇಕಿದ್ದವರು ಹಿರಿಯರಾಗಬೇಕಿದ್ದದ್ದು 2024–25ಕ್ಕೆ. ಒಂದು ವರ್ಷ ಬಿತ್ತನೆ ತಪ್ಪಿದರೆ ಬರ ಬೀಳುವುದು ನಾಲ್ಕು ವರ್ಷ ಬಿಟ್ಟು.

ಇನ್ನು ಸೂಚನೆ. ಮೊದಲು ಇಳಿಯುವುದು ಮಾತಿನ ದನಿ. ಧ್ವನಿಪೆಟ್ಟಿಗೆ ದೊಡ್ಡದಾಗಿ ಒಳಗಿನ ಮಡಿಕೆಗಳು ಉದ್ದ, ದಪ್ಪ ಆಗುತ್ತ ಕೊನೆಗೆ ಸುಮಾರು ಒಂದು ಸಪ್ತಕ ಕೆಳಗೆ ನಿಲ್ಲುತ್ತದೆ. ಪಳಗಿದ ಹುಡುಗನಿಗೆ ಮಾತು ಇಳಿದ ಮೇಲೂ ತಾರದ ಸ್ವರಗಳು ಕೆಲವು ತಿಂಗಳು ಬರುತ್ತಲೇ ಇರುತ್ತವೆ. ಮೋಸ ಹೋಗುವುದು ಇಲ್ಲೇ. ಜನ ಕಡಿಮೆ ಇರುವ ಕ್ವಾಯರ್‌ನ ನಿರ್ದೇಶಕ ‘ಈಸ್ಟರ್ ಒಂದು ಕಳೆಯಲಿ’ ಎಂದು ಎಳೆಯುತ್ತಾನೆ, ಹುಡುಗ ಒತ್ತಿ ಹಾಡಲು ಕಲಿಯುತ್ತಾನೆ, ಆ ಒತ್ತಡದ ಚಾಳಿ ದೊಡ್ಡವನಾದ ಮೇಲೂ ಬಿಡುವುದಿಲ್ಲ. ಒಳ್ಳೆಯ ಕಡೆ ತಿಂಗಳಿಗೊಮ್ಮೆ ಪ್ರತಿ ಹಿರಿಯನ ಮಾತಿನ ಶ್ರುತಿ, ಮೇಲಿನ–ಕೆಳಗಿನ ಮಿತಿ ಬರೆದಿಡುತ್ತಾರೆ. ಇಳಿತ ಕಂಡ ಕೂಡಲೇ ಒಂಟಿ ಹಾಡು ತಪ್ಪಿಸಿ, ಎತ್ತರದ ಸಾಲುಗಳಲ್ಲಿ ಸುಮ್ಮನಿರಲು ಹೇಳಿ, ಮೆಲ್ಲಗೆ ಆಲ್ಟೊಗೆ ಸರಿಸುತ್ತಾರೆ.

ಪ್ರಶ್ನೆ: ನಾವು ಇಂಗ್ಲೆಂಡಿನಲ್ಲಿರುವ ಕನ್ನಡಿಗರು, ಹಿಂದೂಗಳು, ಸಸ್ಯಾಹಾರಿಗಳು. ನಮ್ಮ ಮಗಳಿಗೆ ಏಳೂವರೆ. ಎರಡು ವರ್ಷದಿಂದ ಕರ್ನಾಟಕ ಸಂಗೀತ ಕಲಿಯುತ್ತಿದ್ದಾಳೆ. ಅವಳ ಟೀಚರ್ ಕೆಥೆಡ್ರಲ್ ಕ್ವಾಯರ್‌ನ ಆಯ್ಕೆಗೆ ಕಳಿಸಿ ಅನ್ನುತ್ತಿದ್ದಾರೆ. ನಮ್ಮಂಥವರಿಗೆ ಆದೀತೆ? ಏನೇನು ಕೇಳಿಕೊಳ್ಳಬೇಕು? (ರೆಡಿಂಗ್, ಇಂಗ್ಲೆಂಡ್)

ಆಗುತ್ತದೆ. ಆಂಗ್ಲಿಕನ್ ಕೆಥೆಡ್ರಲ್‌ಗಳಲ್ಲಿ ಹೆಚ್ಚಿನವು ಮಗುವಿಗೆ ದೀಕ್ಷಾಸ್ನಾನ ಆಗಿರಬೇಕೆಂದು ಕೇಳುವುದಿಲ್ಲ. ಆರಾಧನೆಯಲ್ಲಿ ಮರ್ಯಾದೆಯಿಂದ ನಿಲ್ಲುವುದು, ಹಾಡುವುದು, ನಿಲುವಂಗಿ ತೊಡುವುದು ಇಷ್ಟಕ್ಕೆ ಒಪ್ಪಿದರೆ ಸಾಕು. ಕ್ಯಾಥೊಲಿಕ್ ಕೆಥೆಡ್ರಲ್‌ಗಳ ನಿಯಮ ಬೇರೆ ಇರಬಹುದು, ಕೇಳಿ ನೋಡಿ. ಆದರೆ ನಾಲ್ಕೈದು ವರ್ಷ ನಿಮ್ಮ ಮಗಳು ದಿನಾ ಬೈಬಲ್ ಕೇಳುತ್ತಾಳೆ, ಕೀರ್ತನೆಗಳು ಬಾಯಿಪಾಠವಾಗುತ್ತವೆ. ಅದಕ್ಕೆ ನೀವಿಬ್ಬರೂ, ಊರಲ್ಲಿರುವ ಅಜ್ಜ–ಅಜ್ಜಿಯೂ ಒಪ್ಪಿದ್ದೀರಾ ಎಂಬುದನ್ನು ಈಗಲೇ ಮಾತಾಡಿಕೊಳ್ಳಿ. ಮಧ್ಯದಲ್ಲಿ ಬಿಡಿಸಿದರೆ ಮಗುವಿಗೆ ಕಷ್ಟ.

ಆಯ್ಕೆಗೆ ವಾಯ್ಸ್ ಟ್ರಯಲ್ ಎನ್ನುತ್ತಾರೆ. ಸಾಮಾನ್ಯವಾಗಿ 7–8ನೇ ವಯಸ್ಸಿಗೆ, 20 ನಿಮಿಷದ ಕೆಲಸ. ತಯಾರಿ ಮಾಡಿಕೊಂಡ ಒಂದು ಹಾಡು. ದನಿ ಎಲ್ಲಿಂದ ಎಲ್ಲಿಗೆ ಹೋಗುತ್ತದೆಂದು ನೋಡಲು ಸ್ವರಾವಳಿ. ತಟ್ಟಿದ ಲಯವನ್ನು ಹಾಗೇ ತಟ್ಟಿ ತೋರಿಸುವುದು. ಒಟ್ಟಿಗೆ ನುಡಿಸಿದ ಮೂರು ಸ್ವರದಲ್ಲಿ ನಡುವಿನದನ್ನು ಹೆಕ್ಕಿ ಹಾಡುವುದು. ಒಂದು ಪ್ಯಾರಾ ಗಟ್ಟಿಯಾಗಿ ಓದುವುದು. ಶಾಲೆಯವರು ಬೇರೆಯಾಗಿ ಇಂಗ್ಲಿಷ್, ಗಣಿತ ನೋಡುತ್ತಾರೆ. ಅವರು ಹುಡುಕುವುದು ತಿದ್ದಿದ ದನಿಯನ್ನಲ್ಲ, ಚುರುಕು ಕಿವಿಯನ್ನು, ‘ಇನ್ನೊಂದು ಸಲ, ಹೀಗೆ’ ಅಂದಾಗ ಬದಲಾಯಿಸಿಕೊಳ್ಳುವ ಮಗುವನ್ನು. ಸ್ಟಾಫ್ ನೊಟೇಶನ್ ಬರದಿದ್ದರೆ ಚಿಂತೆಯಿಲ್ಲ.

ಕರ್ನಾಟಕ ಸಂಗೀತ ಕಲಿತವರಿಗೆ ಕಿವಿ, ನೆನಪು ಎರಡೂ ಗಟ್ಟಿ ಇರುತ್ತವೆ. ಎಡವುವುದು ಎರಡು ಕಡೆ. ಒಂದು, ಸ್ವರಕ್ಕೆ ತಾನಾಗಿ ಬರುವ ಗಮಕ. ಇಲ್ಲಿ ಕಂಬದ ಹಾಗೆ ನೆಟ್ಟಗೆ ನಿಲ್ಲಬೇಕು. ಎರಡು, ಎದೆಯಿಂದ ತೆರೆದು ಹಾಡುವ ರೂಢಿ. ಇಲ್ಲಿ ಬೇಕಾದದ್ದು ಹಗುರ ತಲೆದನಿ. ಇನ್ನು ಒಂದು ತಿಂಗಳು ದಿನಾ ಐದು ನಿಮಿಷ, ಎತ್ತರದ ಆರಾಮದ ಸ್ವರದಿಂದ ಶುರುಮಾಡಿ ‘ಊ’ಕಾರದಲ್ಲಿ ಅವರೋಹಣ ಮಾತ್ರ ಹಾಡಿಸಿ. ಆರೋಹಣ ಬೇಡ. ಕೆಳಗಿನಿಂದ ಹತ್ತುವಾಗ ಮಕ್ಕಳು ಎದೆದನಿಯನ್ನೇ ಮೇಲಕ್ಕೆ ಹೊತ್ತುಕೊಂಡು ಹೋಗುತ್ತಾರೆ.

ರಜೆಯ ವಿಚಾರ ಮೊದಲೇ ತಿಳಿದಿರಲಿ. ಉಳಿದ ಮಕ್ಕಳು ಡಿಸೆಂಬರ್ ಮಧ್ಯಕ್ಕೆ ಮನೆಗೆ ಹೋದರೂ ಕ್ವಾಯರ್ ಮಕ್ಕಳು ಕ್ರಿಸ್ಮಸ್ ದಿನದ ಆರಾಧನೆ ಮುಗಿಸಿಯೇ ಹೋಗಬೇಕು. ಈಸ್ಟರ್‌ಗೂ ಹಾಗೇ. ಡಿಸೆಂಬರಿನಲ್ಲಿ ಊರಿಗೆ ಹೋಗುವ ಟಿಕೆಟ್ 25ರ ಸಂಜೆಯ ನಂತರದ್ದೇ ಆಗಬೇಕು. ದೀಪಾವಳಿ ಕೆಲವು ವರ್ಷ ಅಕ್ಟೋಬರಿನ ಅರ್ಧ ಟರ್ಮ್ ರಜೆಗೆ ಕೂಡಿ ಬರುತ್ತದೆ. ಯುಗಾದಿ ಮಾತ್ರ ಬಹಳ ಸಲ ಲೆಂಟ್ ಎಂಬ ಈಸ್ಟರ್‌ಗೆ ಮುಂಚಿನ ಉಪವಾಸದ ದಿನಗಳಲ್ಲೇ ಬಂದು ಸಿಕ್ಕಿಕೊಳ್ಳುತ್ತದೆ, ಒಬ್ಬಟ್ಟು ಮುಂದಿನ ಭಾನುವಾರಕ್ಕೆ.

ಶಾಲೆಯವರನ್ನು ಕೇಳಬೇಕಾದವು: ವಸತಿ ಕಡ್ಡಾಯವೇ, ಮನೆಯಿಂದ ಬರಬಹುದೇ? ವಾರದಲ್ಲಿ ಪೂರ್ತಿ ಬಿಡುವಿನ ಸಂಜೆ ಯಾವುದು? ಶುಲ್ಕದ ರಿಯಾಯಿತಿ ಎಷ್ಟು, ಅದು ಯಾರ ದುಡ್ಡು? ದನಿ ಕೆಟ್ಟರೆ ಅಥವಾ ಕ್ವಾಯರ್ ಬಿಟ್ಟರೆ ರಿಯಾಯಿತಿ ಆ ವರ್ಷದ ಕೊನೆತನಕವಾದರೂ ಇರುತ್ತದೆಯೆ? ಸಸ್ಯಾಹಾರವೆಂದರೆ ದಿನಾ ಚೀಸ್ ಪಾಸ್ತಾವೊ, ಬೇಳೆಕಾಳೂ ಇದೆಯೊ? ಕೊನೆಯದನ್ನು ನಾಚಿಕೆಯಿಲ್ಲದೆ ಕೇಳಿ. ವಾರಕ್ಕೆ 16 ಗಂಟೆ ಹಾಡುವ ಮಗುವಿಗೆ ಹಸಿವು ಜಾಸ್ತಿ.

ಪ್ರಶ್ನೆ: ಇದರ ಖರ್ಚು ಯಾರದು? ಸರ್ಕಾರ ಕೊಡುತ್ತದೆಯೆ? ಶಾಲೆಗಳು ಮುಚ್ಚುತ್ತಿರುವುದು ಯಾಕೆ? (ಬೆಂಗಳೂರು)

ಕ್ವಾಯರ್‌ನ ಖರ್ಚು ಮುಖ್ಯವಾಗಿ ಕೆಥೆಡ್ರಲ್‌ನದೇ: ಟಿಕೆಟ್ಟು, ಕಾಣಿಕೆ, ದತ್ತಿನಿಧಿ, ದಾನಿಗಳು. ನಿರ್ದೇಶಕರ, ಆರ್ಗನ್ ನುಡಿಸುವವರ ಸಂಬಳ, ದೊಡ್ಡ ಗಾಯಕರ ವೇತನ, ಮಕ್ಕಳ ಶುಲ್ಕದಲ್ಲಿ ಒಂದು ಪಾಲು, ನೊಟೇಶನ್ ಪ್ರತಿಗಳು ಎಲ್ಲ ಸೇರಿ ದೊಡ್ಡ ಕಡೆ ವರ್ಷಕ್ಕೆ ಕೆಲವು ಲಕ್ಷ ಪೌಂಡ್. ಸೂರು ಸೋರಿದರೆ ಅದೂ ಇದೇ ತಿಜೋರಿಯಿಂದ. ಸೂರನ್ನು ಮುಂದೂಡಲಾಗದು, ಕ್ವಾಯರ್ ಅನ್ನು ಮುಂದೂಡಬಹುದು ಎಂದು ಆಡಳಿತ ಮಂಡಳಿಗಳಿಗೆ ಅನ್ನಿಸುವುದು ಸಹಜ. ಆದರೆ ಆ ಎಣಿಕೆ ತಪ್ಪು. ಸೂರನ್ನು ಐದು ವರ್ಷ ಬಿಟ್ಟು ಹಾಕಿಸಬಹುದು. ಕ್ವಾಯರ್ ಐದು ವರ್ಷ ನಿಂತರೆ ಚಿಕ್ಕವರಿಗೆ ಕಲಿಸಲು ಹಿರಿಯ ಮಕ್ಕಳೇ ಇರುವುದಿಲ್ಲ.

ಕೆಲವು ಉದಾಹರಣೆಗಳು. ರಿಪನ್ ಕೆಥೆಡ್ರಲ್‌ನ ಕ್ವಾಯರ್ ಶಾಲೆ 2012ರಲ್ಲಿ ಮುಚ್ಚಿತು. ವೇಲ್ಸ್‌ನ ಲ್ಯಾಂಡಾಫ್‌ನಲ್ಲಿ 2013ರ ಕೊನೆಗೆ ಸಂಬಳದ ದೊಡ್ಡ ಗಾಯಕರನ್ನು ಕೈಬಿಟ್ಟರು. ಯಾರ್ಕ್ ಮಿನ್‌ಸ್ಟರ್‌ನ ಶಾಲೆ 2020ರಲ್ಲಿ ಮುಚ್ಚಿ, ಮಕ್ಕಳು ಅದೇ ಊರಿನ ಸೇಂಟ್ ಪೀಟರ್ಸ್ ಶಾಲೆಗೆ ಹೋದರು, ಕ್ವಾಯರ್ ಉಳಿಯಿತು. ಅದೇ ವರ್ಷ ಶೆಫೀಲ್ಡ್ ಕೆಥೆಡ್ರಲ್ ಇದ್ದ ಕ್ವಾಯರ್ ಅನ್ನೇ ವಿಸರ್ಜಿಸಿತು. ಆಮೇಲೆ ಹೊಸದಾಗಿ ಕಟ್ಟಿಕೊಳ್ಳಬೇಕಾಯಿತು. ಅಮೆರಿಕದಲ್ಲೂ ಇದೇ ಗೋಳು: ನ್ಯೂಯಾರ್ಕಿನ ಸೇಂಟ್ ಥಾಮಸ್ ಚರ್ಚಿನ ವಸತಿ ಕ್ವಾಯರ್ ಶಾಲೆ 1919ರಿಂದ ನಡೆದುಬಂದದ್ದು, 2024ರಲ್ಲಿ ಖರ್ಚು ತೂಗಿಸಲಾಗದೆ ಮುಚ್ಚುವ ಮಾತು ಎತ್ತಿತು.

ಶಾಲೆಯ ಕಡೆಯ ಹೊಡೆತ ಬೇರೆ. ಹೆಚ್ಚಿನ ಕ್ವಾಯರ್ ಶಾಲೆಗಳು ಖಾಸಗಿ. ಹಾಡುವ 16–30 ಮಕ್ಕಳ ರಿಯಾಯಿತಿಯನ್ನು ಹಾಡದ ನೂರಾರು ಮಕ್ಕಳ ಶುಲ್ಕ ಹೊರುತ್ತದೆ. ಆ ನೂರಾರು ಕಡಿಮೆಯಾದರೆ ಶಾಲೆ ಬೀಳುತ್ತದೆ, ಜೊತೆಗೆ ಕ್ವಾಯರ್ ಕೂಡ. 2025ರ ಜನವರಿ 1ರಿಂದ ಬ್ರಿಟನ್ನಿನಲ್ಲಿ ಖಾಸಗಿ ಶಾಲಾ ಶುಲ್ಕಕ್ಕೆ 20% ವ್ಯಾಟ್ ಬಂದಿದೆ. ಲೆಕ್ಕಕ್ಕೆಂದು ಟರ್ಮಿಗೆ 10,000 ಪೌಂಡ್ ಶುಲ್ಕ, ಅರ್ಧ ರಿಯಾಯಿತಿ ಅಂದುಕೊಳ್ಳಿ. ಶಾಲೆಯೇ ಶುಲ್ಕ ಇಳಿಸಿದ್ದರೆ ಪೋಷಕರು ಕೊಡುವ 5,000ಕ್ಕೆ 1,000 ತೆರಿಗೆ. ಉಳಿದ 5,000 ಕೆಥೆಡ್ರಲ್ ಕಟ್ಟುತ್ತಿದ್ದರೆ ಅದೂ ಶುಲ್ಕವೇ ಆಯಿತು, ತೆರಿಗೆ ಪೂರ್ತಿ 10,000ಕ್ಕೆ, ಅಂದರೆ 2,000. ನೀವು ಲೆಕ್ಕದವರಂತೆ ಕೇಳಿದ್ದೀರಿ, ಆದ್ದರಿಂದ ಹೇಳುತ್ತೇವೆ: ‘ರಿಯಾಯಿತಿ ಯಾರ ದುಡ್ಡು’ ಎಂಬ ಪ್ರಶ್ನೆಯನ್ನು ರೆಡಿಂಗ್‌ನವರ ಪಟ್ಟಿಯಲ್ಲಿ ಸೇರಿಸಿದ್ದು ಇದಕ್ಕೇ.

ದೊಡ್ಡ ಗಾಯಕರದ್ದು ಇನ್ನೊಂದು ಕಥೆ. ಲೇ ಕ್ಲರ್ಕ್ ಎಂಬ ಹುದ್ದೆ ಅರೆಕಾಲಿಕ. ಬದುಕಲು ಬೇರೆ ನೌಕರಿ ಬೇಕು, ಆದರೆ ವಾರದ ದಿನ ಸಂಜೆ ಐದಕ್ಕೆ ಬಿಡುವ ನೌಕರಿಯಾಗಬೇಕು. ಹಿಂದೆ ಅನೇಕ ಕಡೆ ಕೆಥೆಡ್ರಲ್‌ನ ಆವರಣದಲ್ಲೇ ಮನೆ ಸಿಗುತ್ತಿತ್ತು, ಈಗ ಆ ಮನೆಗಳನ್ನು ಬಾಡಿಗೆಗೆ ಕೊಟ್ಟರೆ ದುಡ್ಡು ಹೆಚ್ಚು.

ದಾರಿಗಳಿಲ್ಲವೆಂದಲ್ಲ. ಸೌತ್‌ವೆಲ್, ಪೀಟರ್‌ಬರೊ, ಬ್ರಿಸ್ಟಲ್ ಮುಂತಾದ ಕಡೆ ಮಕ್ಕಳು ಶುಲ್ಕವಿಲ್ಲದ ಸರ್ಕಾರಿ ವ್ಯವಸ್ಥೆಯ ಶಾಲೆಗಳಲ್ಲಿ ಓದಿ ಕೆಥೆಡ್ರಲ್‌ನಲ್ಲಿ ಹಾಡುತ್ತಾರೆ. ಬ್ರಿಸ್ಟಲ್‌ನ ಶಾಲೆ ಖಾಸಗಿಯಾಗಿದ್ದದ್ದು 2008ರಲ್ಲಿ ಈ ಕಡೆ ಬಂತು. ನಮಗೆ ಇದಕ್ಕಿಂತ ಹಿಡಿಸಿದ್ದು ಲೀಡ್ಸ್‌ನ ಕ್ಯಾಥೊಲಿಕ್ ಧರ್ಮಪ್ರಾಂತ 2003ರಲ್ಲಿ ಶುರುಮಾಡಿದ ಪದ್ಧತಿ. ಮಕ್ಕಳು ಬರಲಿ ಎಂದು ಕಾಯದೆ ಕ್ವಾಯರ್ ಶಿಕ್ಷಕರೇ ವಾರಾವಾರ ಪ್ರಾಥಮಿಕ ಶಾಲೆಗಳಿಗೆ ಹೋಗಿ ಇಡೀ ತರಗತಿಗೆ ಹಾಡಿಸುತ್ತಾರೆ, ಆಸಕ್ತಿ ಇದ್ದವರನ್ನು ಸಂಜೆಯ ಕ್ವಾಯರ್‌ಗೆ ಕರೆಯುತ್ತಾರೆ. 2021ರಿಂದ ಇದು ದೇಶದ ಬೇರೆ ಕಡೆಗೂ ಹಬ್ಬಿದೆ. ಇದರಲ್ಲಿ ದಿನಾ ಈವನ್‌ಸಾಂಗ್ ಕಷ್ಟ, ಬಸ್ ಸಮಯಕ್ಕೆ ಹೊಂದುವುದಿಲ್ಲ; ವಾರಕ್ಕೆ ಎರಡು ಮೂರು ಸಂಜೆಗೆ ಇಳಿಸಬೇಕಾಗುತ್ತದೆ. ಆದರೆ ಹೊಸ ಮಕ್ಕಳು ಬರುವುದು ನಿಲ್ಲುವುದಿಲ್ಲ.

ಪ್ರಶ್ನೆ: ಹುಡುಗಿಯರು ಹಾಡಿದರೆ ಆ ನಾದವೇ ಬರುವುದಿಲ್ಲವಂತೆ, ಹೌದೆ? (ಹಾಸನ)

ಕಣ್ಣು ಮುಚ್ಚಿ ಕೇಳಿದರೆ ಗೊತ್ತಾಗುವುದು ಕಷ್ಟ. ಇಂಗ್ಲೆಂಡಿನ ವೆಲ್ಸ್ ಊರಿನ ಕೆಥೆಡ್ರಲ್‌ನ ಹುಡುಗರ, ಹುಡುಗಿಯರ ಧ್ವನಿಮುದ್ರಣಗಳನ್ನು ಹೆಸರು ಹೇಳದೆ ಕೇಳಿಸಿದಾಗ, ಕೇಳುಗರು ಸರಿಯಾಗಿ ಗುರುತಿಸಿದ್ದು ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಸ್ವಲ್ಪವೇ ಹೆಚ್ಚು. ಎಡಿನ್‌ಬರೊದ ಸೇಂಟ್ ಮೇರಿಸ್ 1978ರಲ್ಲೇ ಇಬ್ಬರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿತು. ಸಾಲಿಸ್‌ಬರಿ 1991ರಲ್ಲಿ ಹುಡುಗಿಯರದೇ ಪ್ರತ್ಯೇಕ ಕ್ವಾಯರ್ ಕಟ್ಟಿ ವಾರದ ಆರಾಧನೆಗಳನ್ನು ಹಂಚಿತು. ಕೇಂಬ್ರಿಡ್ಜಿನ ಸೇಂಟ್ ಜಾನ್ಸ್ ಕಾಲೇಜು 2022ರಲ್ಲಿ ಹುಡುಗಿಯರಿಗೂ ಬಾಗಿಲು ತೆರೆಯಿತು, ಈಗ ಸೇಂಟ್ ಪಾಲ್ಸ್ ಕೂಡ. ಎರಡು ಕ್ವಾಯರ್ ಇದ್ದರೆ ಮಗುವಿಗೆ ಹೊರೆ ಅರ್ಧ, ಕೆಥೆಡ್ರಲ್‌ಗೆ ಖರ್ಚು ಎರಡರಷ್ಟು. ಹುಡುಗರು ಹುಡುಗಿಯರ ಜೊತೆ ನಿಲ್ಲಲು ಹಿಂಜರಿದು ಕಡಿಮೆಯಾಗುತ್ತಾರೆ ಎಂಬ ಭಯವೂ ಕೆಲವರಿಗಿದೆ, ಪ್ರತ್ಯೇಕ ಸಾಲು ಇಡುವುದು ಅದಕ್ಕೇ.

ಪ್ರಶ್ನೆ: ಇಂಥ ವಸತಿ ಶಾಲೆಗಳಲ್ಲಿ ಮಕ್ಕಳಿಗೆ ಹಿಂಸೆಯಾದ ವರದಿಗಳನ್ನು ಓದಿದ್ದೇನೆ. ಅದನ್ನು ಯಾಕೆ ಯಾರೂ ಹೇಳುವುದಿಲ್ಲ? (ಉಡುಪಿ)

ಹೇಳಲೇಬೇಕು. ಜರ್ಮನಿಯ ರೆಗೆನ್ಸ್‌ಬರ್ಗ್ ಕೆಥೆಡ್ರಲ್‌ನ ಹುಡುಗರ ಕ್ವಾಯರ್ ಸಾವಿರ ವರ್ಷಕ್ಕೂ ಹಳೆಯದು. 2017ರಲ್ಲಿ ಬಂದ ತನಿಖಾ ವರದಿ 1945ರ ನಂತರದ ದಶಕಗಳಲ್ಲಿ ಅಲ್ಲಿ ಕನಿಷ್ಠ 547 ಮಕ್ಕಳು ದೈಹಿಕ ಅಥವಾ ಲೈಂಗಿಕ ಹಿಂಸೆಗೆ ಒಳಗಾದರೆಂದು ಹೇಳಿತು. ಹಾಡು ಚೆನ್ನಾಗಿ ಬರುತ್ತಿದ್ದದ್ದೇ ಮುಚ್ಚಳವಾಗಿತ್ತು. ಮನೆಯಿಂದ ದೂರ ಇರುವ ಚಿಕ್ಕ ಮಗು, ಆಯ್ಕೆಯೂ ಒಂಟಿ ಹಾಡೂ ಒಬ್ಬನೇ ಗುರುವಿನ ಕೈಯಲ್ಲಿ. ಅಪಾಯ ಇರುವುದು ಈ ಕಟ್ಟಿನಲ್ಲೇ. ಈಗ ನೋಡಬೇಕಾದದ್ದು: ಅಭ್ಯಾಸದ ಕೋಣೆಯ ಬಾಗಿಲಿಗೆ ಗಾಜು, ಒಬ್ಬ ಮಗುವಿಗೆ ಒಬ್ಬ ದೊಡ್ಡವರು ಎಂಬ ಸ್ಥಿತಿ ಬಾರದಂತೆ ಪಕ್ಕದಲ್ಲೇ ಇನ್ನೊಬ್ಬರು, ಶಾಲೆಯಿಂದ ಕೆಥೆಡ್ರಲ್‌ಗೆ ನಡೆಸಿಕೊಂಡು ಹೋಗಲು ಬೇರೆ ಸಿಬ್ಬಂದಿ, ಶಿಕ್ಷಕರು ಮಕ್ಕಳ ಫೋನಿಗೆ ನೇರ ಸಂದೇಶ ಕಳಿಸದ ನಿಯಮ, ದೂರು ಹೇಳಲು ಸಂಗೀತ ವಿಭಾಗದ ಹೊರಗಿನ ಒಬ್ಬರು. ಇದಕ್ಕೂ ದುಡ್ಡು ಬೇಕು, ಬಜೆಟ್ ಹಾಕುವಾಗ ಇದನ್ನು ಕತ್ತರಿಸುವ ಕಡೆ ಮಗುವನ್ನು ಕಳಿಸಬೇಡಿ.

ಪ್ರಶ್ನೆ: ನಮ್ಮದು ಬಾಸೆಲ್ ಮಿಶನ್ ಕಾಲದ ಸಭೆ. ಮಕ್ಕಳ ಕ್ವಾಯರ್ ನಿಂತು ಆರು ವರ್ಷವಾಯಿತು. ಈಗ 12 ಮಕ್ಕಳು ಸಿಕ್ಕಿದ್ದಾರೆ. ಈ ಕೆಥೆಡ್ರಲ್ ಪದ್ಧತಿಯಲ್ಲಿ ನಮಗೆ ಬಳಕೆಗೆ ಬರುವುದು ಏನಾದರೂ ಇದೆಯೆ? (ಮಂಗಳೂರು)

ಇದೆ. ಬಾಸೆಲ್ ಮಿಶನ್‌ನವರು 1834ರಲ್ಲಿ ಮಂಗಳೂರಿಗೆ ಬಂದಾಗ ತಂದ ಜರ್ಮನ್ ಕೋರಾಲ್ (ಸಭೆಯೆಲ್ಲ ಸೇರಿ ಹಾಡುವ ಸ್ತುತಿಗೀತೆ) ಧಾಟಿಗಳು ಲೈಪ್‌ಜಿಗ್‌ನ ಹುಡುಗರು ಹಾಡುತ್ತಿದ್ದ ಸಂಪ್ರದಾಯದವೇ. ನಿಮ್ಮ ಹಾಡುಪುಸ್ತಕದಲ್ಲಿ ಕನ್ನಡ ಮಾತು ಹೊತ್ತು ಕೂತಿರುವ ಎಷ್ಟೋ ಧಾಟಿಗಳು ಅದೇ ಮನೆತನದವು.

12 ಮಕ್ಕಳಿಗೆ ನಾಲ್ಕು ದನಿ ಬೇಡ. ಮೂರು ತಿಂಗಳು ಒಂದೇ ದನಿ, ಆಮೇಲೆ ಎರಡು. ವಾರಕ್ಕೊಮ್ಮೆ ಒಂದೂವರೆ ಗಂಟೆಗಿಂತ ಎರಡು ಸಲ 40 ನಿಮಿಷ ಮೇಲು. 5 ನಿಮಿಷ ನಿಲುವು–ಉಸಿರು, 8 ನಿಮಿಷ ಮೇಲೆ ಹೇಳಿದ ‘ಊ’ ಅವರೋಹಣ, 15 ನಿಮಿಷ ಹೊಸ ಹಾಡು, ಉಳಿದದ್ದು ಹಳೆಯದು. ಹೊಸದನ್ನು ಕೊನೆಗಿಟ್ಟರೆ ಮಕ್ಕಳಿಗೆ ಅಷ್ಟರಲ್ಲಿ ಸುಸ್ತು.

ಶ್ರುತಿ ನೋಡಿಕೊಳ್ಳಿ. ಸಭೆಯ ಗಂಡಸರಿಗೆ ಅನುಕೂಲವೆಂದು ಧಾಟಿಗಳನ್ನು ಇಳಿಸಿ ನುಡಿಸುವುದು ನಮ್ಮಲ್ಲಿ ರೂಢಿ. ಆಗ ಮಕ್ಕಳು ಎದೆದನಿಯಲ್ಲಿ ಗೊಗ್ಗರಿಸುತ್ತಾರೆ. ಹಾರ್ಮೋನಿಯಂನ ಮಧ್ಯ ಸಪ್ತಕದ ಎರಡನೇ ಬಿಳಿ ಮನೆಯಿಂದ ಅದರ ಮೇಲಿನ ಸಪ್ತಕದ ಎರಡನೇ ಬಿಳಿಯವರೆಗೆ ಅವರಿಗೆ ಆರಾಮ. ಮಕ್ಕಳು ಹಾಡುವ ಭಾನುವಾರ ಒಂದು ಸ್ವರವಾದರೂ ಎತ್ತಿ. ಕೀಬೋರ್ಡಿನವರು ಧಾಟಿಯನ್ನೇ ಜೋರಾಗಿ ಒತ್ತುತ್ತಿದ್ದರೆ ನಿಲ್ಲಿಸಿ ಅನ್ನಿ, ಮಕ್ಕಳು ಅದಕ್ಕೆ ಒರಗಿಕೊಂಡು ಕೇಳುವುದನ್ನು ಬಿಟ್ಟುಬಿಡುತ್ತಾರೆ.

ಕನ್ನಡಕ್ಕೆ ಸೇರಿದ ಒಂದು ತೊಡಕಿದೆ. ಕೋರಾಲ್‌ನಲ್ಲಿ ಅಕ್ಷರಕ್ಕೊಂದು ಸ್ವರ, ಅದೂ ಉದ್ದುದ್ದ ಸ್ವರ. ಹ್ರಸ್ವ ಅಕ್ಷರ ಉದ್ದ ಸ್ವರದ ಮೇಲೆ ಬಿದ್ದರೆ ‘ದಿನ’ ಹೋಗಿ ‘ದೀನ’ ಆಗುತ್ತದೆ, ‘ಬಲ’ ಕೇಳುವಲ್ಲಿ ‘ಬಾಲ’ ಕೇಳಿದ್ದೂ ಉಂಟು. ಎರಡು ಮಾತ್ರೆಯ ಸ್ವರವಿದ್ದರೆ ಒಡೆಯಿರಿ: ‘ದಿ’ಗೆ ಒಂದು ಮಾತ್ರೆ ಕೊಟ್ಟು ‘ನ’ವನ್ನು ಮುಂಚೆಯೇ ತಂದು ಮುಂದಿನ ಸ್ವರಕ್ಕೆ ಎಳೆಯಿರಿ. ಆಂಗ್ಲಿಕನ್ ಚಾಂಟ್‌ನವರು ಅಕ್ಷರಕ್ಕೆ ಗುರುತು ಹಾಕಿಕೊಳ್ಳುವುದೂ ಮಾತನ್ನು ಸ್ವರಕ್ಕೆ ಹೊಂದಿಸುವ ಇಂಥದೇ ತೊಡಕು ಬಗೆಹರಿಸಲು.

ಸೇರ್ಪಡೆ ಪ್ರತಿ ಜೂನ್‌ನಲ್ಲಿ, ಮೂರು ನಾಲ್ಕನೇ ಕ್ಲಾಸಿನಿಂದ ಮೂವರಾದರೂ. 12 ಮಂದಿ ತುಂಬಿದ್ದಾರೆಂದು ಬಾಗಿಲು ಹಾಕಿಕೊಂಡರೆ ಮತ್ತೆ ಆರು ವರ್ಷದ ಹಿಂದಿನ ಕಥೆಯೇ. ಹೊಸಬರನ್ನು ತುದಿಗೆ ನಿಲ್ಲಿಸಬೇಡಿ, ಇಬ್ಬರು ಹಳಬರ ನಡುವೆ ನಿಲ್ಲಿಸಿ. ದನಿ ಒಡೆದ ಹುಡುಗನನ್ನು ಮನೆಗೆ ಕಳಿಸಬೇಡಿ, ಪುಟ ತಿರುವಲು, ಹಾಜರಿ ಬರೆಯಲು ಇಟ್ಟುಕೊಳ್ಳಿ. ಎರಡು ವರ್ಷಕ್ಕೆ ನಿಮಗೆ ಟೆನರ್ ಬೇಕಾಗುತ್ತದೆ. ಫೆಬ್ರವರಿ–ಮಾರ್ಚಿನಲ್ಲಿ ಪರೀಕ್ಷೆ, ಟ್ಯೂಷನ್ ಎಂದು ಅರ್ಧ ಮಕ್ಕಳು ಬರುವುದಿಲ್ಲ, ಅದಕ್ಕೆ ಈಸ್ಟರ್ ಹಾಡುಗಳನ್ನು ಜನವರಿಯೊಳಗೇ ಕಲಿಸಿ ಮುಗಿಸಿ. 8 ಮಕ್ಕಳಿಗಿಂತ ಕಡಿಮೆ ಬಂದ ಭಾನುವಾರಕ್ಕೆಂದು ಒಂದೇ ದನಿಯ ಮೂರು ಹಾಡುಗಳನ್ನು ಸದಾ ತಯಾರಿಡಿ.

ಮಗುವಿಗೊಂದು ಪ್ರತಿ, ಇಬ್ಬರಿಗೊಂದು ಬೇಡ. ಜೊತೆಗೆ ಪೆನ್ಸಿಲ್ ಕೊಡಿ, ಪೆನ್ನಲ್ಲ. ಉಸಿರು ತೆಗೆಯುವ ಜಾಗದ ಗುರುತು ಮೂರು ಸಲವಾದರೂ ಅಳಿಸಬೇಕಾಗುತ್ತದೆ.